ಉರಿಯ ಬದಲು ಕರಿ: ಹತ್ತಿ ಬಟ್ಟೆಯ ಬೆಂಕಿತಡೆ ಲೇಪಗಳು

ಹತ್ತಿ ಬಟ್ಟೆಗೆ ಬೆಂಕಿ ಹತ್ತುವುದು ಸುಲಭ, ಹತ್ತಿದ ಮೇಲೆ ಆರುವುದು ಕಷ್ಟ. ಎಷ್ಟು ಸುಲಭ ಎಂಬುದಕ್ಕೆ ಒಂದು ಅಳತೆಯಿದೆ. ಗಾಜಿನ ಕೊಳವೆಯೊಳಗೆ ಬಟ್ಟೆಯ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಕೆಳಗಿನಿಂದ ಆಮ್ಲಜನಕ ಮತ್ತು ಸಾರಜನಕದ ಮಿಶ್ರಣವನ್ನು ಹಾಯಿಸಿ, ಪಟ್ಟಿಯ ಮೇಲ್ತುದಿಗೆ ಬೆಂಕಿ ಮುಟ್ಟಿಸುತ್ತಾರೆ. ಆಮ್ಲಜನಕದ ಪಾಲನ್ನು ತಗ್ಗಿಸುತ್ತ ಹೋದಂತೆ ಒಂದು ಹಂತದಲ್ಲಿ ಉರಿ ತಾನಾಗಿ ಆರುತ್ತದೆ. ಉರಿ ಆರದೆ ಉಳಿಯಲು ಬೇಕಾದ ಕನಿಷ್ಠ ಪಾಲನ್ನು ಮಿತಿ ಆಮ್ಲಜನಕ ಸೂಚ್ಯಂಕ ಎನ್ನುತ್ತಾರೆ. ಹತ್ತಿಗೆ ಅದು ಸುಮಾರು 18. ಗಾಳಿಯಲ್ಲಿ ಆಮ್ಲಜನಕ ಶೇಕಡಾ 21ರಷ್ಟಿರುವುದರಿಂದ ಹತ್ತಿಗೆ ಬೇಕಾದುದಕ್ಕಿಂತ ಹೆಚ್ಚೇ ಸಿಗುತ್ತದೆ. ಉಣ್ಣೆಗೆ ಈ ಸೂಚ್ಯಂಕ 25ರ ಆಸುಪಾಸು. ಹಾಗಾಗಿ ಉಣ್ಣೆಯ ಕಂಬಳಿ ಬೆಂಕಿಯಿಂದ ದೂರ ಸರಿಸಿದೊಡನೆ ಸಾಮಾನ್ಯವಾಗಿ ನಂದುತ್ತದೆ. ರೇಷ್ಮೆಯೂ ಹತ್ತಿಗಿಂತ ಮೇಲು. ದೀಪದ ಬತ್ತಿಗೂ ಉತ್ಸವದ ಪಂಜಿಗೂ ಜನ ಹತ್ತಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಾದ ಗುಣವೇ ಮೈಮೇಲಿನ ಬಟ್ಟೆಯಲ್ಲಿ, ಪರದೆಯಲ್ಲಿ, ಶಾಮಿಯಾನದಲ್ಲಿ ಅಪಾಯವಾಗುತ್ತದೆ.

ಹತ್ತಿಯ ಎಳೆ ಬಹುಪಾಲು ಸೆಲ್ಯುಲೋಸ್. ಮೇಣ, ಜಿಡ್ಡು ತೆಗೆದು ಬಿಳಿ ಮಾಡಿದ ಬಟ್ಟೆಯಲ್ಲಿ ಅದರ ಪಾಲು ಶೇಕಡಾ 99ರ ಸಮೀಪಕ್ಕೆ ಬರುತ್ತದೆ. ಸಾವಿರಾರು ಗ್ಲೂಕೋಸ್ ತುಣುಕುಗಳು ಒಂದರ ಹಿಂದೊಂದು ಕೂಡಿ ಆದ ಸರಪಳಿ ಅದು. ಬಟ್ಟೆಗೆ ಕಾವು ತಗಲಿದಾಗ ಮೊದಲು ಅದರೊಳಗಿನ ತೇವ ಆರುತ್ತದೆ. 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಸರಪಳಿಗಳು ಬೇಗಬೇಗ ಕಡಿಯತೊಡಗುತ್ತವೆ. ಕಡಿದ ತುದಿಯಿಂದ ಗ್ಲೂಕೋಸ್ ತುಣುಕು ಮಡಚಿಕೊಂಡು ಲೆವೊಗ್ಲೂಕೊಸಾನ್ ಎಂಬ ಸಣ್ಣ ಅಣುವಾಗಿ ಬೇರ್ಪಡುತ್ತದೆ. ಈ ಅಣು ಆವಿಯಾಗಿ, ಒಡೆದು, ಉರಿಯುವ ಅನಿಲಗಳಾಗುತ್ತದೆ. ಕಣ್ಣಿಗೆ ಕಾಣುವ ಜ್ವಾಲೆಯಲ್ಲಿ ಉರಿಯುತ್ತಿರುವುದು ಈ ಅನಿಲ. ಜ್ವಾಲೆಯ ಶಾಖ ಪಕ್ಕದ ಬಟ್ಟೆಯನ್ನು ಕಾಯಿಸುತ್ತದೆ, ಅಲ್ಲಿಂದ ಮತ್ತಷ್ಟು ಅನಿಲ ಹೊರಡುತ್ತದೆ. ಶಾಖ, ಅನಿಲ, ಜ್ವಾಲೆ, ಮತ್ತೆ ಶಾಖ: ಈ ಸುತ್ತು ಎಲ್ಲಿಯಾದರೂ ಕಡಿದರೆ ಬೆಂಕಿ ನಿಲ್ಲುತ್ತದೆ.

ಕಾದ ಸೆಲ್ಯುಲೋಸಿಗೆ ಇನ್ನೊಂದು ದಾರಿಯೂ ಇದೆ. ಸರಪಳಿ ಕಡಿಯುವ ಮೊದಲೇ ಅದರಲ್ಲಿನ ಜಲಜನಕ ಮತ್ತು ಆಮ್ಲಜನಕ ನೀರಾಗಿ ಹೊರಟುಹೋದರೆ ಹಿಂದೆ ಉಳಿಯುವುದು ಇಂಗಾಲ, ಅಂದರೆ ಕರಿ. ಕಾಗದದ ಮೇಲೆ ಲೆಕ್ಕ ಹಾಕಿದರೆ 100 ಗ್ರಾಂ ಸೆಲ್ಯುಲೋಸಿನಲ್ಲಿ ಸುಮಾರು 44 ಗ್ರಾಂ ಇಂಗಾಲ, ಮಿಕ್ಕ 56 ಗ್ರಾಂ ನೀರಿಗೆ ಸಮ. ಇಡೀ ಬಟ್ಟೆ ಈ ದಾರಿಯನ್ನೇ ಹಿಡಿದರೆ ಉರಿಯುವ ಅನಿಲ ಹುಟ್ಟುವುದೇ ಇಲ್ಲ. ಹುಟ್ಟುವ ಹಬೆ ಜ್ವಾಲೆಯನ್ನು ತಣಿಸುತ್ತದೆ, ಉಳಿದ ಕರಿಯ ಪದರ ಒಳಗಿನ ಎಳೆಗಳಿಗೆ ಶಾಖ ಮುಟ್ಟದಂತೆ ಅಡ್ಡ ನಿಲ್ಲುತ್ತದೆ. ಬರಿಯ ಹತ್ತಿ ಬೆಂಕಿಯಲ್ಲಿ ಈ ದಾರಿ ಹಿಡಿಯುವುದು ತೀರ ಕಡಿಮೆ, ಉರಿದು ಮುಗಿದಾಗ ಕೈಗೆ ಸಿಗುವುದು ಚಿಟಿಕೆ ಬೂದಿ. ಹತ್ತಿಗೆ ಒಗ್ಗುವ ಬೆಂಕಿತಡೆ ಲೇಪಗಳಲ್ಲಿ ಹೆಚ್ಚಿನವು ಮಾಡುವ ಕೆಲಸ ಇಷ್ಟೇ: ಸೆಲ್ಯುಲೋಸನ್ನು ಮೊದಲ ದಾರಿಯಿಂದ ಎರಡನೆಯ ದಾರಿಗೆ ತಿರುಗಿಸುವುದು. ಅದಕ್ಕಾಗಿ ಬಿಸಿಯಲ್ಲಿ ಆಮ್ಲ ಬಿಡುವ ವಸ್ತು ಬೇಕು. ಫಾಸ್ಫರಸ್, ಅಂದರೆ ರಂಜಕದ ಸಂಯುಕ್ತಗಳು ಇದರಲ್ಲಿ ಎಲ್ಲಕ್ಕಿಂತ ಮುಂದು. ಕಾದಾಗ ಅವು ಫಾಸ್ಫಾರಿಕ್ ಆಮ್ಲವಾಗುತ್ತವೆ; ಆ ಆಮ್ಲ ಗ್ಲೂಕೋಸ್ ತುಣುಕಿನ ಆರನೆಯ ಇಂಗಾಲದ ಮೇಲಿರುವ ಹೈಡ್ರಾಕ್ಸಿಲ್ ಗುಂಪಿಗೆ ಅಂಟಿಕೊಳ್ಳುತ್ತದೆ. ಲೆವೊಗ್ಲೂಕೊಸಾನ್ ಆಗಲು ಆ ಗುಂಪೇ ಬೇಕಾದ್ದರಿಂದ ಅನಿಲದ ದಾರಿ ಮುಚ್ಚಿಹೋಗುತ್ತದೆ.

ಹೀಗಾಗಿ ಬೆಂಕಿತಡೆ ಲೇಪದ ಬಟ್ಟೆ ಬರಿಯ ಬಟ್ಟೆಗಿಂತ ಮೊದಲೇ, ಕಡಿಮೆ ಕಾವಿನಲ್ಲೇ ಕೆಡಲು ಶುರುವಾಗುತ್ತದೆ. ಕೇಳಿದರೆ ವಿಚಿತ್ರವೆನಿಸಬಹುದು, ಆದರೆ ರಕ್ಷಣೆಯೆಲ್ಲ ಇರುವುದು ಅದರಲ್ಲೇ. ಜ್ವಾಲೆ ಹುಟ್ಟುವ ಕಾವು ಬರುವಷ್ಟರಲ್ಲಿ ಬಟ್ಟೆ ಆಗಲೇ ಕರಿಯಾಗಿರುತ್ತದೆ. ಬೆಂಕಿ ತಡೆಯುವ ಬಟ್ಟೆ ಎಂದರೆ ಸುಡದ ಬಟ್ಟೆ ಎಂದುಕೊಳ್ಳುವುದು ತಪ್ಪು. ಅದು ಸುಡುತ್ತದೆ; ಬೆಂಕಿ ತಗಲಿದಷ್ಟು ಜಾಗದಲ್ಲಿ ಸುಟ್ಟು ಅಲ್ಲಿಗೇ ನಿಲ್ಲುತ್ತದೆ.

ಜ್ವಾಲೆ ಆರಿದ ಮೇಲೂ ಹತ್ತಿಯ ಅಪಾಯ ಮುಗಿಯುವುದಿಲ್ಲ. ಉಳಿದ ಕರಿ ಕೆಂಡವಾಗಿ ಕೆಂಪಗೆ ಹರಿದಾಡಬಲ್ಲದು. ಹತ್ತಿ ತುಂಬಿದ ಹಾಸಿಗೆಗೆ ಬಿದ್ದ ಬೀಡಿಯ ಕಿಡಿ ಹೊರಗೆ ಏನೂ ಕಾಣಿಸದೆ ಒಳಗೊಳಗೇ ಗಂಟೆಗಟ್ಟಲೆ ಹೊಗೆಯಾಡುವುದು ಹೀಗೆ. ಕೆಲವು ಉಪ್ಪುಗಳು ಜ್ವಾಲೆಯನ್ನು ತಡೆದರೂ ಕೆಂಡವನ್ನು ತಡೆಯಲಾರವು. ರಂಜಕ ಎರಡನ್ನೂ ತಡೆಯುತ್ತದೆ. ಬೋರಿಕ್ ಆಮ್ಲ ಕೆಂಡಕ್ಕೆ ವಿಶೇಷವಾಗಿ ಒಳ್ಳೆಯದು.

ಲೇಪ ಹಚ್ಚುವ ಮೊದಲೇ ನೇಯ್ಗೆ ಅರ್ಧ ನಿರ್ಧಾರ ಮಾಡಿರುತ್ತದೆ. ದಪ್ಪ ಕ್ಯಾನ್‌ವಾಸ್ ಅಥವಾ ಜಮಖಾನ ಹೊತ್ತಲು ಹೊತ್ತು ಬೇಕು. ತೆಳು ವಾಯಿಲ್ ಕ್ಷಣದಲ್ಲಿ ಹೊತ್ತುತ್ತದೆ. ಬಟ್ಟೆ ಚಪ್ಪಟೆಯಾಗಿ ಹಾಸಿದ್ದರೆ ಉರಿ ನಿಧಾನ, ತೂಗುಬಿಟ್ಟಿದ್ದರೆ ಜ್ವಾಲೆ ಮೇಲಿನ ಬಟ್ಟೆಯನ್ನು ಮೊದಲೇ ಕಾಯಿಸುವುದರಿಂದ ವೇಗ ಹಲವು ಪಟ್ಟು. ಸೆರಗು, ಲಂಗ, ಪರದೆ ಎಲ್ಲವೂ ತೂಗುವ ಬಟ್ಟೆಗಳೇ. ಮೈಮೇಲೆ ನವಿರು ಎಬ್ಬಿಸಿದ ಫ್ಲಾನಲ್ ಬಟ್ಟೆಯಲ್ಲಿ ಗಾಳಿ ಸಿಕ್ಕಿಕೊಂಡಿರುವುದರಿಂದ ಬೆಂಕಿ ಮೇಲ್ಮೈ ಮೇಲೆಯೇ ಓಡುತ್ತದೆ. 1994ರ ಆಗಸ್ಟಿನಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಭಾರತದಿಂದ ಆಮದಾದ ತೆಳು ಶಿಫಾನ್ ಲಂಗಗಳನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಹಿಂದಕ್ಕೆ ಕರೆಸಿಕೊಂಡಿತು. ಅವು ಹತ್ತಿಯ ಸೋದರನಾದ ರೇಯಾನ್ ಲಂಗಗಳು, ಅದೂ ಸೆಲ್ಯುಲೋಸೇ. ಸುದ್ದಿಪತ್ರಿಕೆಯ ಹಾಳೆಗಿಂತ ಬೇಗ ಉರಿಯುತ್ತವೆ ಎಂಬುದು ಆಯೋಗದ ಎಚ್ಚರಿಕೆಯಾಗಿತ್ತು.

ಹುಣಸೂರು ರಸ್ತೆಯ ಸ್ಟುಡಿಯೊ

ಮೈಸೂರಿನಿಂದ ಹಿನಕಲ್ ಕಡೆಗೆ ಹೋಗುವ ಹುಣಸೂರು ರಸ್ತೆಯಲ್ಲಿ ಪ್ರೀಮಿಯರ್ ಸ್ಟುಡಿಯೊ ಇತ್ತು. ಕನ್ನಡ ಚಿತ್ರರಂಗದ ಎಷ್ಟೋ ಚಿತ್ರಗಳು ತಯಾರಾದ ಜಾಗ ಅದು. 1989ರ ಫೆಬ್ರುವರಿ 8ರಂದು ಅಲ್ಲಿ ಸಂಜಯ್ ಖಾನ್ ಅವರ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಟಿ.ವಿ. ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಬಿತ್ತು. 62 ಮಂದಿ ಸತ್ತರು. ಸಂಜಯ್ ಖಾನ್ ಅವರೂ ತೀವ್ರವಾಗಿ ಸುಟ್ಟುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಸಡಿಲವಾದ ವಿದ್ಯುತ್ ತಂತಿಗಳು, ಗಾಳಿ ಹೊರಹೋಗಲು ಕಿಂಡಿಗಳಿಲ್ಲದ್ದು, ಬೆಂಕಿ ಆರಿಸುವ ವ್ಯವಸ್ಥೆಯ ಕೊರತೆ, ಇವೆಲ್ಲ ಕಾರಣಗಳಾಗಿ ದಾಖಲಾದವು. ಅವುಗಳ ಜೊತೆಗೆ ಈ ಅಧ್ಯಾಯಕ್ಕೆ ನೇರವಾಗಿ ಸೇರಿದ ಕಾರಣ ಇನ್ನೊಂದಿತ್ತು: ಗೋಡೆಗಳ ಮೇಲೆ ಬೆಂಕಿ ತಡೆಯುವ ಹೊದಿಕೆಯ ಬದಲು ಗೋಣಿತಟ್ಟು ತೂಗುಹಾಕಿದ್ದರು, ದೊಡ್ಡ ದೀಪಗಳ ಶಾಖಕ್ಕೆ ಒಳಗಿನ ಕಾವು 120 ಡಿಗ್ರಿ ಸೆಲ್ಸಿಯಸ್ ಹತ್ತಿರ ಏರಿತ್ತು ಎಂದು ಆಗ ವರದಿಯಾಯಿತು.

120 ಡಿಗ್ರಿಯಲ್ಲಿ ಗೋಣಿ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಆದರೆ ಆ ಕಾವು ಮಾಡುವ ಕೆಲಸ ಕಡಿಮೆಯದಲ್ಲ. ಸೆಣಬು ಸಾಮಾನ್ಯ ಹವೆಯಲ್ಲಿ ತನ್ನ ತೂಕದ ಶೇಕಡಾ 12ಕ್ಕೂ ಹೆಚ್ಚು ತೇವ ಹಿಡಿದಿಟ್ಟುಕೊಂಡಿರುತ್ತದೆ. ಹತ್ತಿ ಸುಮಾರು 7–8. ಬೆಂಕಿಯ ಮೊದಲ ಶಾಖವೆಲ್ಲ ಈ ತೇವವನ್ನು ಆರಿಸಲು ಖರ್ಚಾಗಬೇಕು. ನೀರು ಕುದಿಯುವ ಕಾವನ್ನೂ ಮೀರಿದ ಕೋಣೆಯಲ್ಲಿ ಅಷ್ಟು ತೇವವೂ ಹೋಗಿ ಎಳೆಗಳು ಗರಿಗರಿಯಾಗುತ್ತವೆ. ಆಮೇಲೆ ಒಂದು ಕಿಡಿ ಬಿದ್ದರೂ ಸಾಕು. ಸೆಣಬಿನಲ್ಲಿ ಸೆಲ್ಯುಲೋಸ್ ಜೊತೆ ಲಿಗ್ನಿನ್ ಇದ್ದರೂ ಉರಿಯುವ ಬಗೆ ಹತ್ತಿಯದ್ದೇ, ಅದರಲ್ಲೂ ಸಡಿಲ ನೇಯ್ಗೆ, ನೆಟ್ಟಗಿನ ತೂಗು, ಎರಡೂ ಮೈಗೆ ಗಾಳಿ. ಉರಿ ಏರಲು ಬೇಕಾದ ಮೂರೂ ಅನುಕೂಲ ಅಲ್ಲಿ ಒಟ್ಟಿಗೆ ಇದ್ದವು.

ಡೇರೆಗಳ ಕಥೆಯೂ ಇದೇ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಅದಕ್ಕೂ ಮುಂಚೆ, 1944ರ ಜುಲೈ 6ರಂದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಸರ್ಕಸ್ ಡೇರೆಯೊಂದು ಉರಿದು ನೂರಾ ಅರವತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಆ ಡೇರೆಯ ಕ್ಯಾನ್‌ವಾಸಿಗೆ ಮಳೆನೀರು ಇಳಿಯದಿರಲೆಂದು ಪೆಟ್ರೋಲಿನಲ್ಲಿ ಕರಗಿಸಿದ ಮೇಣ ಬಳಿದಿದ್ದರು. ನೀರು ತಡೆಯುವ ಲೇಪ ಬೆಂಕಿಗೆ ಇಂಧನವಾಯಿತು. ಬಟ್ಟೆಯ ಮೇಲೆ ಬಳಿದದ್ದೆಲ್ಲ ಬಟ್ಟೆಯ ಉರಿಯನ್ನು ಒಂದಲ್ಲ ಒಂದು ರೀತಿ ಬದಲಿಸುತ್ತದೆ, ಬಳಿದವರು ಅದನ್ನು ಉದ್ದೇಶಿಸಿರಲಿ ಬಿಡಲಿ.

ಮೈಸೂರಿನ ದುರಂತವನ್ನು ಓದುವಾಗ ಅತಿ ಹೆಚ್ಚು ನೋಯಿಸುವ ಸಂಗತಿಯೆಂದರೆ, ಗೋಣಿಗೆ ಬೇಕಿದ್ದ ಲೇಪ ದುಬಾರಿಯೂ ಅಲ್ಲ, ಹೊಸದೂ ಅಲ್ಲ. ಅದು ಒಂದೂವರೆ ಶತಮಾನಕ್ಕೂ ಹಿಂದೆ ಗೊತ್ತಿದ್ದ, ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿಗಳಲ್ಲಿ ಬಹುಪಾಲು ಸಿಗುವ ಉಪ್ಪುಗಳ ನೀರು. ಅದೊಂದೇ ಎಲ್ಲರನ್ನೂ ಉಳಿಸುತ್ತಿತ್ತು ಎನ್ನಲಾಗದು, ಹೊಗೆಗೂ ಮುಚ್ಚಿದ ಕೋಣೆಗೂ ಲೇಪ ಉತ್ತರವಲ್ಲ. ಆದರೆ ಬೆಂಕಿ ಗೋಡೆಯಿಂದ ಗೋಡೆಗೆ ಹಬ್ಬುವ ವೇಗವನ್ನು ತಗ್ಗಿಸುವುದು, ಜನ ಬಾಗಿಲು ತಲುಪಲು ಬೇಕಾದ ಕೆಲವು ನಿಮಿಷಗಳನ್ನು ಗಳಿಸಿಕೊಡುವುದು ಇಂಥ ಲೇಪಕ್ಕೆ ಸಾಧ್ಯವಿರುವ ಕೆಲಸ.

ಉಪ್ಪಿನ ನೀರು

ನಾಟಕದ ಪರದೆಗಳೇ ಈ ವಿದ್ಯೆಯನ್ನು ಹುಟ್ಟಿಸಿದವು. ಮೇಣದಬತ್ತಿಯ ಬೆಳಕಿನಲ್ಲಿ ನಾಟಕವಾಡುತ್ತಿದ್ದ ಯುರೋಪಿನಲ್ಲಿ ರಂಗಮಂದಿರಗಳು ಆಗಾಗ ಸುಟ್ಟುಹೋಗುತ್ತಿದ್ದವು. 1638ರಲ್ಲಿ ಇಟಲಿಯ ಸಬ್ಬತೀನಿ ಪರದೆಯ ಬಣ್ಣಕ್ಕೆ ಜೇಡಿಮಣ್ಣು, ಜಿಪ್ಸಂ ಬೆರೆಸುವಂತೆ ಸಲಹೆ ಕೊಟ್ಟ. 1735ರಲ್ಲಿ ಇಂಗ್ಲೆಂಡಿನ ಒಬಡಾಯ ವೈಲ್ಡ್ ಪಟಿಕ, ಬಿಳಿಗಾರ ಮತ್ತು ಅನ್ನಭೇದಿಯ ಮಿಶ್ರಣಕ್ಕೆ ಪೇಟೆಂಟ್ ಪಡೆದ. ಫ್ರಾನ್ಸಿನ ದೊರೆ ಹದಿನೆಂಟನೆಯ ಲೂಯಿ ರಂಗಮಂದಿರದ ಬಟ್ಟೆಗಳನ್ನು ಬೆಂಕಿಯಿಂದ ಕಾಯುವ ಬಗೆ ಹುಡುಕಲು ಗೇ-ಲುಸಾಕ್‌ಗೆ ಹೇಳಿದ. ಅನಿಲಗಳ ನಿಯಮದಿಂದ ಶಾಲಾ ಮಕ್ಕಳಿಗೂ ಪರಿಚಿತನಾದ ಅದೇ ರಸಾಯನವಿಜ್ಞಾನಿ. 1821ರಲ್ಲಿ ಆತ ಪ್ರಕಟಿಸಿದ ಪರೀಕ್ಷೆಗಳಲ್ಲಿ ಅಮೋನಿಯಂ ಫಾಸ್ಫೇಟ್, ನವಸಾಗರ ಮತ್ತು ಬಿಳಿಗಾರ ಗೆದ್ದವು. ಒಳ್ಳೆಯ ಉಪ್ಪುಗಳು ಎರಡು ಬಗೆ ಎಂದು ಆತ ಕಂಡುಕೊಂಡ: ಕಡಿಮೆ ಕಾವಿನಲ್ಲಿ ಕರಗಿ ಎಳೆಗಳ ಮೇಲೆ ಗಾಜಿನಂಥ ಪೊರೆ ಕಟ್ಟುವಂಥವು, ಕಾದಾಗ ಉರಿಯದ ಅನಿಲ ಬಿಟ್ಟು ಜ್ವಾಲೆಯನ್ನು ತೆಳುವಾಗಿಸುವಂಥವು. ಆಮ್ಲದಿಂದ ಕರಿ ಕಟ್ಟುವ ಮೂರನೆಯ ಬಗೆ ಆಗ ಹೊಳೆದಿರಲಿಲ್ಲ, ಆದರೂ ಅಮೋನಿಯಂ ಫಾಸ್ಫೇಟನ್ನು ಆರಿಸಿದ ಕಣ್ಣು ಸರಿಯಾಗಿಯೇ ಇತ್ತು.

ಚಪ್ಪರ, ಶಾಮಿಯಾನಗಳಂಥ ತಾತ್ಕಾಲಿಕ ಕಟ್ಟೋಣಗಳಲ್ಲಿ ಬೆಂಕಿ ಮುನ್ನೆಚ್ಚರಿಕೆಗಾಗಿ ಭಾರತದಲ್ಲಿ ಐಎಸ್ 8758 ಎಂಬ ಮಾನಕವಿದೆ. ಅಗ್ನಿಶಾಮಕ ಇಲಾಖೆಗಳು ಪೆಂಡಾಲ್ ಬಟ್ಟೆಗೆ ಸೂಚಿಸುವ ದ್ರಾವಣದ ಪ್ರಮಾಣ ಹೀಗಿದೆ: ತೂಕದಲ್ಲಿ ಅಮೋನಿಯಂ ಸಲ್ಫೇಟ್ 4 ಪಾಲು, ಅಮೋನಿಯಂ ಕಾರ್ಬನೇಟ್ 2 ಪಾಲು, ಬಿಳಿಗಾರ 1 ಪಾಲು, ಬೋರಿಕ್ ಆಮ್ಲ 1 ಪಾಲು, ಪಟಿಕ 2 ಪಾಲು, ನೀರು 35 ಪಾಲು. ದೊಡ್ಡ ಡ್ರಮ್ಮಿನಲ್ಲಿ 35 ಲೀಟರ್ ನೀರಿಗೆ ಒಟ್ಟು 10 ಕಿಲೊ ಉಪ್ಪು. ಪಟಿಕದ ನೀರು ಹುಳಿಯಾದ್ದರಿಂದ ಕಾರ್ಬನೇಟ್ ಬಿದ್ದಾಗ ನೊರೆ ಉಕ್ಕುತ್ತದೆ, ಅಮೋನಿಯಾದ ಘಾಟು ಮೂಗಿಗೆ ಹೊಡೆಯುತ್ತದೆ. ಹಾಗಾಗಿ ಬಯಲಲ್ಲಿ, ಸ್ವಲ್ಪ ಸ್ವಲ್ಪವಾಗಿ ಸುರಿದು ಕಲಕಬೇಕು. ಬಟ್ಟೆಯನ್ನು ಅದ್ದಿ, ಎಲ್ಲ ಮಡಿಕೆಗೂ ನೀರು ಇಳಿದ ಮೇಲೆ ಹಿಂಡಿ, ಹರವಿ ಒಣಗಿಸುತ್ತಾರೆ. ಹಿಂಡಿದ ಮೇಲೂ ಬಟ್ಟೆ ತನ್ನ ತೂಕದ ಶೇಕಡಾ 70ರಷ್ಟು ದ್ರಾವಣ ಉಳಿಸಿಕೊಂಡಿದೆ ಎಂದು ಇಟ್ಟುಕೊಂಡರೆ, ಒಣಗಿದಾಗ 100 ಗ್ರಾಂ ಬಟ್ಟೆಯಲ್ಲಿ ಹೆಚ್ಚೆಂದರೆ 15 ಗ್ರಾಂ ಚಿಲ್ಲರೆ ಉಪ್ಪು ನಿಂತಿರುತ್ತದೆ. ಮುಟ್ಟಿದರೆ ಬಟ್ಟೆ ಗಂಜಿ ಹಾಕಿದಂತೆ ಗಡುಸು, ಕೊಡವಿದರೆ ಒಂದಿಷ್ಟು ಬಿಳಿ ಪುಡಿ ಉದುರುತ್ತದೆ.

ಅದರಿಂದ ಒಂದು ಪಟ್ಟಿ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಕೆಳ ಅಂಚಿಗೆ ಬೆಂಕಿಕಡ್ಡಿ ಹಿಡಿದರೆ ಕೆಲಸ ಕಣ್ಣೆದುರಿಗೇ ನಡೆಯುತ್ತದೆ. ಅಂಚು ಮೊದಲು ಕಂದು, ಆಮೇಲೆ ಕಪ್ಪಾಗಿ ಒಳಕ್ಕೆ ಸುರುಳುತ್ತದೆ, ಕಡ್ಡಿ ಹಿಡಿದಿರುವಷ್ಟು ಹೊತ್ತು ಅದರ ಸುತ್ತ ಸಣ್ಣ ಜ್ವಾಲೆ ಇರುತ್ತದೆ. ಕಡ್ಡಿ ತೆಗೆದೊಡನೆ ಜ್ವಾಲೆ ಇಲ್ಲ. ಕರಿ ಅಂಚು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ, ಅದರ ಮೇಲಿನ ಬಟ್ಟೆ ಹಾಗೇ ಇರುತ್ತದೆ. ಉಪ್ಪಿನ ನೀರಿಗೆ ಅದ್ದದ ಪಟ್ಟಿಯ ಉರಿ ಅಷ್ಟರಲ್ಲಿ ಇಕ್ಕಳದ ತನಕ ಏರಿರುತ್ತದೆ. ಅಮೋನಿಯಂ ಸಲ್ಫೇಟ್ ಬಿಟ್ಟ ಆಮ್ಲ ಸೆಲ್ಯುಲೋಸಿನ ನೀರು ಕಿತ್ತು ಕರಿ ಮಾಡಿತು, ಅಮೋನಿಯಾ ಜ್ವಾಲೆಯ ಅನಿಲವನ್ನು ತೆಳುವಾಗಿಸಿತು, ಬಿಳಿಗಾರ ಮತ್ತು ಬೋರಿಕ್ ಆಮ್ಲ ಕರಗಿ ಪೊರೆ ಕಟ್ಟಿ ಕೆಂಡವನ್ನು ಅಡಗಿಸಿದವು. ಬರಿಯ ಬಿಳಿಗಾರ ಜ್ವಾಲೆಯನ್ನು ತಡೆದು ಕೆಂಡವನ್ನು ಬಿಟ್ಟುಬಿಡುತ್ತದೆ. ಬಿಳಿಗಾರ ಮತ್ತು ಬೋರಿಕ್ ಆಮ್ಲವನ್ನು 7:3ರ ಪ್ರಮಾಣದಲ್ಲಿ ಬೆರೆಸುವ ಹಳೆಯ ಪಾಕ ಹುಟ್ಟಿದ್ದೇ ಅದಕ್ಕಾಗಿ.

ಈ ಲೇಪಕ್ಕೆ ಒಂದು ದೊಡ್ಡ ದೋಷವಿದೆ: ನೀರಿಗೆ ನಿಲ್ಲುವುದಿಲ್ಲ. ಒಂದು ಜೋರು ಮಳೆ, ಒಂದು ಒಗೆತ, ಉಪ್ಪೆಲ್ಲ ಹರಿದುಹೋಯಿತು. ಒಣಗಿದ ಬಟ್ಟೆ ನೋಡಲು ಮೊದಲಿನಂತೆಯೇ ಇರುವುದರಿಂದ ಲೇಪ ಇದೆಯೆಂಬ ಭ್ರಮೆ ಉಳಿಯುತ್ತದೆ. ಮೈಸೂರು ಸೀಮೆಯಲ್ಲಿ ಮುಂಗಾರಿಗೆ ಮುಂಚಿನ ಗುಡುಗುಮಳೆ ಮದುವೆಯ ತಿಂಗಳುಗಳಲ್ಲೇ ಬರುತ್ತದೆ. ಮಳೆಯಲ್ಲಿ ನೆನೆದ ಶಾಮಿಯಾನವನ್ನು ಮತ್ತೆ ಅದ್ದದೆ ಕಟ್ಟಿದರೆ ಅದು ಲೇಪವಿಲ್ಲದ ಶಾಮಿಯಾನವೇ. ಇದಲ್ಲದೆ ಅಮೋನಿಯಂ ಸಲ್ಫೇಟ್ ಕಬ್ಬಿಣದ ಮೊಳೆ, ಸರಿಗೆಗಳನ್ನು ತುಕ್ಕು ಹಿಡಿಸುತ್ತದೆ, ಬಿಸಿಲಿಗೆ ಬಹಳ ಕಾಲ ಬಿದ್ದ ಬಟ್ಟೆಯಲ್ಲಿ ನಿಧಾನವಾಗಿ ಆಮ್ಲ ಹುಟ್ಟಿಸಿ ಎಳೆಗಳನ್ನು ಬಲಗುಂದಿಸುತ್ತದೆ. ಪರದೆ, ರಂಗಸಜ್ಜಿಕೆ, ಒಳಾಂಗಣದ ಚಪ್ಪರ, ಗೋಡೆಯ ಗೋಣಿ, ಅಂದರೆ ಒಗೆಯದ ಮತ್ತು ನೆನೆಯದ ಬಟ್ಟೆಗೆ ಮಾತ್ರ ಇದು ಒಗ್ಗುತ್ತದೆ. ಅಲ್ಲಿಗೆ ಇದು ಇಂದಿಗೂ ಅಗ್ಗದ ರಕ್ಷಣೆ.

ಒಗೆದರೂ ಉಳಿಯುವ ಲೇಪ

ಉಡುವ ಬಟ್ಟೆಗೆ ಬೇರೆ ಉಪಾಯ ಬೇಕಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಫ್ಲಾನೆಲೆಟ್ ಎಂಬ ಅಗ್ಗದ ನವಿರು ಹತ್ತಿಬಟ್ಟೆ ತೊಟ್ಟ ಮಕ್ಕಳು ಅಗ್ಗಿಷ್ಟಿಕೆಯ ಬೆಂಕಿ ತಗಲಿ ಸಾಯುತ್ತಿದ್ದರು. ವಿಲಿಯಂ ಹೆನ್ರಿ ಪರ್ಕಿನ್ ಕಿರಿಯ ಅದಕ್ಕೆ ಪರಿಹಾರ ಹುಡುಕಿದ. ಮೊದಲ ಕೃತಕ ಬಣ್ಣ ಕಂಡುಹಿಡಿದ ಪರ್ಕಿನ್ನನ ಮಗ ಈತ. ಬಟ್ಟೆಯನ್ನು ಸೋಡಿಯಂ ಸ್ಟ್ಯಾನೇಟಿನಲ್ಲಿ ಅದ್ದಿ ಒಣಗಿಸಿ, ಮತ್ತೆ ಅಮೋನಿಯಂ ಸಲ್ಫೇಟಿನಲ್ಲಿ ಅದ್ದಿದರೆ ಎಳೆಯೊಳಗೇ ತವರದ ಆಕ್ಸೈಡ್ ಕೂರುತ್ತದೆ, ಅದು ನೀರಿನಲ್ಲಿ ಕರಗದು. ವಿಧಾನಕ್ಕಿಂತ ಹೆಚ್ಚು ಬಾಳಿದ್ದು ಪರ್ಕಿನ್ ಹಾಕಿಕೊಟ್ಟ ಒರೆಗಲ್ಲು: ಲೇಪದ ಬಟ್ಟೆಯ ಮೃದುತನ, ಬಣ್ಣ, ಬಾಳಿಕೆ ಕೆಡಬಾರದು, ಮೈಗೆ ವಿಷವಾಗಬಾರದು, ಸೋಪಿನಲ್ಲಿ ಎಷ್ಟು ಒಗೆದರೂ ಹೋಗಬಾರದು, ಬಡವರೂ ಕೊಳ್ಳುವಷ್ಟು ಅಗ್ಗವಾಗಿರಬೇಕು. ನೂರು ವರ್ಷ ದಾಟಿದ ಮೇಲೂ ಇಷ್ಟನ್ನೂ ಒಟ್ಟಿಗೆ ಈಡೇರಿಸಿದ ಲೇಪ ಒಂದೂ ಇಲ್ಲ.

ಹತ್ತಿರ ಬಂದದ್ದು ರಂಜಕದ ಲೇಪಗಳು. 1953ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ರೀವ್ಸ್ ಮತ್ತು ಗಥ್ರಿ ಎಂಬ ವಿಜ್ಞಾನಿಗಳು ಟಿಎಚ್‌ಪಿಸಿ ಎಂಬ ರಂಜಕದ ಉಪ್ಪನ್ನು ಹತ್ತಿಗೆ ಒಗ್ಗಿಸಿದರು. ಅದನ್ನೇ ಬೆಳೆಸಿ ಇಂಗ್ಲೆಂಡಿನ ಆಲ್‌ಬ್ರೈಟ್ ಅಂಡ್ ವಿಲ್ಸನ್ ಕಂಪನಿ ‘ಪ್ರೊಬಾನ್’ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ವಿಧಾನ ಜಾಣತನದ್ದು. ರಂಜಕದ ಉಪ್ಪು ಮತ್ತು ಯೂರಿಯಾವನ್ನು ಸ್ವಲ್ಪ ಮಟ್ಟಿಗೆ ಕೂಡಿಸಿದ ದ್ರಾವಣದಲ್ಲಿ ಬಟ್ಟೆಯನ್ನು ಅದ್ದಿ, ರೋಲರುಗಳ ನಡುವೆ ಹಿಂಡಿ, ಪೂರ್ತಿ ಒಣಗಿಸದೆ ಒಂದಷ್ಟು ತೇವ ಉಳಿಸಿ, ಅಮೋನಿಯಾ ಅನಿಲ ತುಂಬಿದ ಕೋಣೆಯ ಮೂಲಕ ಸಾಗಿಸುತ್ತಾರೆ. ಸಣ್ಣ ಅಣುಗಳಾಗಿ ಎಳೆಯೊಳಗೆ ನುಗ್ಗಿದ್ದ ರಾಸಾಯನಿಕ ಅಮೋನಿಯಾ ಸೋಕಿದೊಡನೆ ಒಂದಕ್ಕೊಂದು ಬೆಸೆದು ದೊಡ್ಡ ಬಲೆಯಾಗುತ್ತದೆ. ಒಳಗೆ ಹೋದ ದಾರಿಯಲ್ಲಿ ಹೊರಬರಲು ಆಗ ಜಾಗ ಸಾಲದು. ಆಮೇಲೆ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಹಾಯಿಸಿ ರಂಜಕವನ್ನು ಸ್ಥಿರವಾದ ರೂಪಕ್ಕೆ ತಂದು, ಚೆನ್ನಾಗಿ ತೊಳೆಯುತ್ತಾರೆ. ಈ ಬಲೆ ಸೆಲ್ಯುಲೋಸಿಗೆ ಅಂಟಿರಬೇಕಾಗಿಲ್ಲ, ಎಳೆಯೊಳಗೆ ಸಿಕ್ಕಿಕೊಂಡಿದ್ದರೆ ಸಾಕು. ಬಟ್ಟೆಯ ತೂಕದಲ್ಲಿ ರಂಜಕ ಶೇಕಡಾ 2ರ ಆಸುಪಾಸು ಇದ್ದರೆ ಆಮ್ಲಜನಕ ಸೂಚ್ಯಂಕ 18ರಿಂದ 26–28ರ ಮೇಲಕ್ಕೆ ಏರುತ್ತದೆ, ಉರಿದಾಗ ಮೂರನೇ ಒಂದು ಪಾಲಿನಷ್ಟು ತೂಕ ಕರಿಯಾಗಿ ಉಳಿಯುತ್ತದೆ.

1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ತಂದ ‘ಪೈರೊವ್ಯಾಟೆಕ್ಸ್’ ಬೇರೆ ದಾರಿ ಹಿಡಿಯಿತು. ಅದರಲ್ಲಿ ರಂಜಕದ ಅಣು ಸೆಲ್ಯುಲೋಸಿಗೇ ಕೂಡಿಕೊಳ್ಳುತ್ತದೆ. ಆ ಬೆಸುಗೆಗೆ ಆಮ್ಲ ಮತ್ತು 150 ಡಿಗ್ರಿ ಮೀರಿದ ಕಾವು ಬೇಕಾದ್ದರಿಂದ ಬಟ್ಟೆ ತುಸು ಬಲ ಕಳೆದುಕೊಳ್ಳುತ್ತದೆ, ಫಾರ್ಮಾಲ್ಡಿಹೈಡ್ ಬಿಡುವ ಸಮಸ್ಯೆಯೂ ಇದೆ. ಅಮೋನಿಯಾ ಕೋಣೆ ಬೇಡವಾದ್ದರಿಂದ ಸಾಮಾನ್ಯ ಬಣ್ಣದ ಕಾರ್ಖಾನೆಯಲ್ಲೂ ಇದನ್ನು ಮಾಡಬಹುದು ಎನ್ನುವುದೇ ಇದರ ಅನುಕೂಲ.

ಹಿನಕಲ್ ಸುತ್ತಲಿನ ಹೆಬ್ಬಾಳ, ಹೂಟಗಳ್ಳಿ, ಬೆಳವಾಡಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ ನಡೆಯುವ ವೆಲ್ಡಿಂಗ್, ಎರಕ, ವಿದ್ಯುತ್ ಫಲಕಗಳ ಕೆಲಸಗಳಿಗೆ ತಕ್ಕ ಉಡುಪು ಇಂಥ ಲೇಪದ ಹತ್ತಿಯದೇ. ಉರಿಯುವ ಹತ್ತಿಯನ್ನೇ ಏಕೆ ಆರಿಸಬೇಕು, ಪಾಲಿಯೆಸ್ಟರ್ ಆಗದೇ? ಪಾಲಿಯೆಸ್ಟರ್ ಸುಮಾರು 260 ಡಿಗ್ರಿಯಲ್ಲಿ ಕರಗುತ್ತದೆ. ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿ, ಕೀಳಲು ಹೋದರೆ ಚರ್ಮವೂ ಜೊತೆಗೆ ಬರುತ್ತದೆ. ಹತ್ತಿ ಕರಗುವುದಿಲ್ಲ, ಲೇಪವಿದ್ದರೆ ಕರಿಯಾಗಿ, ಆಕಾರ ಉಳಿಸಿಕೊಂಡು, ಮೈಗೂ ಬೆಂಕಿಗೂ ನಡುವೆ ನಿಲ್ಲುತ್ತದೆ. ಬೆವರು ಹೀರುವ ಗುಣ ಬಿಸಿಲ ನಾಡಿನ ಕಾರ್ಮಿಕರಿಗೆ ಅಷ್ಟೇ ಮುಖ್ಯ, ಸೆಕೆಯಾಗುವ ಉಡುಪನ್ನು ಯಾರೂ ದಿನವಿಡೀ ತೊಡುವುದಿಲ್ಲ.

ಕೈಬಿಟ್ಟ ದಾರಿಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಡೇರೆಗಳಿಗೆ ಕ್ಲೋರಿನ್ ಕೂಡಿಸಿದ ಮೇಣ ಮತ್ತು ಆಂಟಿಮನಿ ಆಕ್ಸೈಡ್ ಬಳಿಯುತ್ತಿದ್ದರು. ಮುಂದೆ ಕ್ಲೋರಿನ್ ಜಾಗಕ್ಕೆ ಬ್ರೋಮಿನ್ ಬಂತು. ಸೋಫಾ ಮತ್ತು ಪರದೆಯ ಬಟ್ಟೆಯ ಹಿಂಬದಿಗೆ ಅಂಟಿನೊಡನೆ ಇದನ್ನು ಹಚ್ಚುವುದು ದಶಕಗಳ ಕಾಲ ರೂಢಿಯಾಯಿತು. ಇವು ಕರಿ ಕಟ್ಟುವುದಿಲ್ಲ. ಜ್ವಾಲೆಯೊಳಗೆ ಹೋಗಿ ಅಲ್ಲಿನ ಚುರುಕು ಅಣುತುಣುಕುಗಳನ್ನು ಹಿಡಿದು ದಹನದ ಸರಣಿಯನ್ನು ಕಡಿಯುತ್ತವೆ. ಬೆಂಕಿಗೆ ಬಲು ಪರಿಣಾಮಕಾರಿ, ಜೀವಕ್ಕೆ ಅಲ್ಲ. ಬ್ರೋಮಿನ್ ಕೂಡಿದ ಹಲವು ಸಂಯುಕ್ತಗಳು ಕೊಳೆಯದೆ ಧೂಳು, ಮಣ್ಣು, ಮೀನು, ತಾಯಿಯ ಹಾಲಿನ ತನಕ ಸಾಗುತ್ತವೆ. 1977ರಲ್ಲಿ ವಿಜ್ಞಾನಿಗಳಾದ ಅರ್ಲೀನ್ ಬ್ಲಮ್ ಮತ್ತು ಬ್ರೂಸ್ ಏಮ್ಸ್, ಅಮೆರಿಕದ ಮಕ್ಕಳ ರಾತ್ರಿಯುಡುಪಿನಲ್ಲಿದ್ದ ‘ಟ್ರಿಸ್’ ಎಂಬ ಬ್ರೋಮಿನ್ ಸಂಯುಕ್ತ ವಂಶವಾಹಿಯನ್ನು ಕೆಡಿಸಬಲ್ಲದು ಎಂದು ಎಚ್ಚರಿಸಿದರು. ಅದೇ ವರ್ಷ ಆ ಉಡುಪುಗಳಲ್ಲಿ ಅದರ ಬಳಕೆ ನಿಷೇಧವಾಯಿತು. ಇಂಥ ಕೊಳೆಯದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದ 2009ರಲ್ಲಿ ಕೆಲವು ಬ್ರೋಮಿನ್ ಸಂಯುಕ್ತಗಳನ್ನೂ 2017ರಲ್ಲಿ ಬಟ್ಟೆಗೆ ಹೆಚ್ಚು ಬಳಕೆಯಾಗುತ್ತಿದ್ದ ಡೆಕಾಬಿಡಿಇಯನ್ನೂ ತನ್ನ ಪಟ್ಟಿಗೆ ಸೇರಿಸಿತು. ಭಾರತವೂ 2018ರ ನಿಯಮಗಳಲ್ಲಿ ಇಂಥ ಹಲವನ್ನು ನಿಷೇಧಿಸಿದೆ. ಬೆಂಕಿಯಿಂದ ಮಗುವನ್ನು ಕಾಯಲು ಹಚ್ಚಿದ ವಸ್ತು ಮಗುವಿನ ಮೈಗೇ ಇಳಿಯುವುದು ಸಣ್ಣ ಸಂಗತಿಯಲ್ಲ. ಪರ್ಕಿನ್ನನ ಒರೆಗಲ್ಲಿನಲ್ಲಿ ವಿಷದ ಮಾತು ಇದ್ದುದು ಸುಮ್ಮನೆ ಅಲ್ಲ.

ಬಾಳೆಯ ರಸ, ತೌಡಿನ ಆಮ್ಲ

ಈಗಿನ ಹುಡುಕಾಟ ಜೀವಮೂಲದ ವಸ್ತುಗಳ ಕಡೆಗೆ ತಿರುಗಿದೆ. ಹಾಲಿನ ಕೇಸೀನ್ ಪ್ರೋಟೀನಿನಲ್ಲಿ ರಂಜಕವೂ ಸಾರಜನಕವೂ ಇವೆ. ಇಟಲಿಯ ತೊರೀನೊದ ವಿಜ್ಞಾನಿಗಳು ಅದನ್ನು ಹತ್ತಿಗೆ ಹಚ್ಚಿ ಉರಿಯ ವೇಗ ತಗ್ಗಿಸಿದರು, ಮೀನಿನಿಂದ ತೆಗೆದ ಡಿಎನ್‌ಎಯನ್ನೂ ಹಚ್ಚಿ ನೋಡಿದರು. ಕಾಳು ಮತ್ತು ತೌಡಿನಲ್ಲಿ ಸಿಗುವ ಫೈಟಿಕ್ ಆಮ್ಲದ ತೂಕದಲ್ಲಿ ಕಾಲುಭಾಗಕ್ಕೂ ಹೆಚ್ಚು ರಂಜಕ. ಸೀಗಡಿ, ಏಡಿಯ ಚಿಪ್ಪಿನಿಂದ ಬರುವ ಕೈಟೊಸಾನ್ ಸಾರಜನಕ ಒದಗಿಸುತ್ತದೆ. ಫೈಟಿಕ್ ಆಮ್ಲ ಋಣ ವಿದ್ಯುದಂಶದ್ದು, ಕೈಟೊಸಾನ್ ಧನ ವಿದ್ಯುದಂಶದ್ದು; ಬಟ್ಟೆಯನ್ನು ಒಂದಾದ ಮೇಲೊಂದರಂತೆ ಎರಡೂ ದ್ರಾವಣಗಳಲ್ಲಿ ಅದ್ದುತ್ತ ಹೋದರೆ ಪದರದ ಮೇಲೆ ಪದರ ಕೂರುತ್ತದೆ. ಟೆಕ್ಸಸ್‌ನ ಜೈಮ್ ಗ್ರನ್‌ಲನ್ ಅವರ ತಂಡ 2012ರಲ್ಲಿ ಈ ಜೋಡಿಯಿಂದ ಹತ್ತಿಯ ಉರಿಯನ್ನು ಆರಿಸಿ ತೋರಿಸಿತು. ಬೆಂಕಿ ತಗಲಿದಾಗ ಪದರಗಳು ಉಬ್ಬಿ ನೊರೆಯಂಥ ಕರಿ ಕಟ್ಟುತ್ತವೆ.

ಭಾರತದಲ್ಲಿ ನಡೆದ ಒಂದು ಕೆಲಸ ನಂಜನಗೂಡು ರಸಬಾಳೆಯ ಸೀಮೆಯವರಿಗೆ ಹತ್ತಿರದ್ದು. ಗೊನೆ ಕಡಿದ ಮೇಲೆ ಬಾಳೆಯ ಕಾಂಡ ತೋಟದಲ್ಲಿ ಕಸವಾಗಿ ಬೀಳುತ್ತದೆ. ವಿಜ್ಞಾನಿಗಳಾದ ಬಸಾಕ್, ಸಾಮಂತ ಮತ್ತು ಜೊತೆಗಾರರು ಆ ಕಾಂಡದ ರಸವನ್ನು, ಮೊದಲೇ ಟ್ಯಾನಿಕ್ ಆಮ್ಲ ಮತ್ತು ಪಟಿಕದ ನೀರು ಕುಡಿಸಿದ ಹತ್ತಿ ಬಟ್ಟೆಗೆ ಹಚ್ಚಿದರು. ಆಮ್ಲಜನಕ ಸೂಚ್ಯಂಕ 18ರಿಂದ 30ಕ್ಕೆ ಏರಿತು. ಬಟ್ಟೆಗೆ ಬಿದ್ದರೆ ಹೋಗದ ಕರೆ ಎಂದು ತೋಟದ ಕೆಲಸದವರು ದೂರವಿಡುವ ಆ ರಸದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ಮೊದಲಾದ ಲೋಹಗಳ ಫಾಸ್ಫೇಟ್, ಕ್ಲೋರೈಡ್ ಉಪ್ಪುಗಳಿವೆ. ಕರಿ ಕಟ್ಟಿಸುವ ಕೆಲಸ ಅವುಗಳದ್ದು. ಬಟ್ಟೆಗೆ ಖಾಕಿ ಛಾಯೆ ಬರುತ್ತದೆ.

ಆದರೆ ರಸವೂ ಫೈಟಿಕ್ ಆಮ್ಲವೂ ಸೋಪಿನ ನೀರಿನಲ್ಲಿ ಸೋಲುತ್ತವೆ. ಗೇ-ಲುಸಾಕನ ಉಪ್ಪುಗಳಿಗಿದ್ದ ದೋಷವೇ ಇವಕ್ಕೂ ಇದೆ. ಫೈಟಿಕ್ ಆಮ್ಲವನ್ನು ಅಮೋನಿಯಂ ಲವಣವಾಗಿಸಿ, ಬಿಸಿಯಲ್ಲಿ ಸೆಲ್ಯುಲೋಸಿಗೆ ನೇರವಾಗಿ ಬೆಸೆಯುವ ಪ್ರಯತ್ನಗಳು ಪ್ರಯೋಗಾಲಯಗಳಲ್ಲಿ ಹಲವು ಒಗೆತಗಳನ್ನು ತಾಳಿವೆ. ಕಾರ್ಖಾನೆಯಲ್ಲಿ ಪ್ರೊಬಾನ್, ಪೈರೊವ್ಯಾಟೆಕ್ಸ್ ಬಗೆಯ ಲೇಪಗಳ ಜಾಗವನ್ನು ಅವು ಇನ್ನೂ ತುಂಬಿಲ್ಲ.

ಒಗೆತದ ಮಾತು

ಬಾಳಿಕೆಯ ಲೇಪವೂ ಒಗೆಯುವವರ ಕೈಯಲ್ಲಿ ಕೆಡಬಹುದು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬಾರ್ ಸೋಪು ಹಾಕಿ ಒಗೆದರೆ ಸುಣ್ಣದ ಅಂಶ ಸೋಪಿನ ಕೊಬ್ಬಿನ ಆಮ್ಲದೊಡನೆ ಸೇರಿ ಜಿಗುಟು ಕೆನೆಯಾಗಿ ಎಳೆಗಳ ಮೇಲೆ ಕೂರುತ್ತದೆ. ಆ ಕೆನೆ ಉರಿಯುವ ವಸ್ತು. ಸೋಪಿಲ್ಲದ ಡಿಟರ್ಜೆಂಟ್ ಪುಡಿ, ಆದಷ್ಟೂ ಮೃದು ನೀರು ಬೇಕು. ಬ್ಲೀಚಿಂಗ್ ಪುಡಿಯ ಕ್ಲೋರಿನ್ ಪ್ರೊಬಾನ್ ಬಗೆಯ ಲೇಪವನ್ನೇ ಒಡೆಯುತ್ತದೆ. ಬಟ್ಟೆ ಮೆದುವಾಗಿಸುವ ಕಂಡಿಷನರಿನಲ್ಲಿ ಜಿಡ್ಡಿರುವುದರಿಂದ ಅದೂ ಬೇಡ. ಗ್ರೀಸ್, ಎಣ್ಣೆ ಕುಡಿದ ಉಡುಪಿಗೆ ಲೇಪವಿದ್ದೂ ಇಲ್ಲದಂತೆ.

ಲೇಪ ಉಳಿದಿದೆಯೇ ಎಂದು ನೋಡುವ ಪರೀಕ್ಷೆಗಳು ಭಾರತದಲ್ಲಿ ಐಎಸ್ 11871ರಲ್ಲಿ, ಪರದೆಗಳಿಗೆ ಐಎಸ್ 15741ರಲ್ಲಿ ಇವೆ. ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಲಂಬ ಪರೀಕ್ಷೆಯಲ್ಲಿ ತೂಗುಹಾಕಿದ ಪಟ್ಟಿಯ ಕೆಳ ಅಂಚಿಗೆ 12 ಸೆಕೆಂಡು ಜ್ವಾಲೆ ಹಿಡಿದು ತೆಗೆಯುತ್ತಾರೆ. ಆಮೇಲೆ ಜ್ವಾಲೆ ಎಷ್ಟು ಸೆಕೆಂಡು ಉಳಿಯಿತು, ಕೆಂಡ ಎಷ್ಟು ಹೊತ್ತು ಹೊಳೆಯಿತು ಎಂದು ಗುರುತಿಸಿಕೊಂಡು, ಪಟ್ಟಿಗೆ ತೂಕ ಕಟ್ಟಿ ಎತ್ತುತ್ತಾರೆ. ಕರಿಯಾದ ಭಾಗ ಹರಿದು ಎಲ್ಲಿಗೆ ನಿಲ್ಲುವುದೋ ಅದು ಕರಿಯ ಉದ್ದ. ಹೊಸ ಬಟ್ಟೆಗೆ ಮಾಡಿದ ಈ ಪರೀಕ್ಷೆಯನ್ನು ಹತ್ತಾರು ಒಗೆತಗಳ ನಂತರ ಮತ್ತೆ ಮಾಡಬೇಕು. ತೊಡುವ ರೀತಿಯೂ ಲೆಕ್ಕಕ್ಕೆ ಬರುತ್ತದೆ: ಲೇಪದ ಅಂಗಿಯ ಕೆಳಗೆ ಪಾಲಿಯೆಸ್ಟರ್ ಬನಿಯನ್ ಇದ್ದರೆ ಹೊರಗಿನ ಬಟ್ಟೆ ಉರಿಯದಿದ್ದರೂ ದಾಟಿಬಂದ ಶಾಖಕ್ಕೆ ಒಳಗಿನದು ಕರಗುತ್ತದೆ. ಆದ್ದರಿಂದ ವೆಲ್ಡಿಂಗ್ ಮತ್ತು ವಿದ್ಯುತ್ ಕೆಲಸದವರ ಒಳ ಉಡುಪೂ ಹತ್ತಿಯದೇ ಇರಬೇಕು, ತೋಳು ಮಡಚಬಾರದು, ಹರಿದ ಜಾಗಕ್ಕೆ ತೇಪೆಯನ್ನು ಅದೇ ಲೇಪದ ಬಟ್ಟೆಯಿಂದ, ಬೆಂಕಿ ತಡೆಯುವ ದಾರದಿಂದಲೇ ಹಾಕಬೇಕು.